ದೊಡ್ಡಮ್ಮನ ಕೈಯ ಎರಡು ಸೆಕೆಂಡು

ಕುರ್ಚಿ ಹತ್ತಿರ ಎಳೆದುಕೊಳ್ಳಿ, ಫೋನು ಮಗುಚಿ ಇಡಿ. ಇಂಥ ಕಥೆಯನ್ನು ನಿಮಗೆ ಇನ್ಯಾರಾದರೂ ಹೇಳಿದ್ದರೆ ಅವರ ವಿಳಾಸ ಕೊಡಿ, ನಾನೇ ಹೋಗಿ ಕಾಲಿಗೆ ಬೀಳುತ್ತೇನೆ. ಇದರಲ್ಲಿ ಫೈಟ್ ಇದೆ, ಸೆಂಟಿಮೆಂಟ್ ಇದೆ, ಮೂರು ತಲೆಮಾರು ಇದೆ, ನಾಲ್ಕು ಟನ್ ತೂಗುವ ವಿಲನ್ ಇದೆ. ಹೀರೋ ಮಾತ್ರ ಐವತ್ತೆರಡು ಕಿಲೋ. ಆ ಐವತ್ತೆರಡು ಕಿಲೋದ ಹೀರೋ ಒಂದೇ ಬೆರಳಿನಲ್ಲಿ, ಒಂದೇ ಒಂದು ಬಟನ್ ಒತ್ತಿ, ಆ ನಾಲ್ಕು ಟನ್ನಿನ ಬಾಯಿಯನ್ನು ಶಾಶ್ವತವಾಗಿ ಮುಚ್ಚಿಸಿದ.

ಹೀರೋನ ಅಸಲು ಹೆಸರು ಹಾಜರಿ ಪುಸ್ತಕದಲ್ಲಿದೆ, ಅಲ್ಲೇ ಇರಲಿ. ಪೇಪರ್ ಮಿಲ್ಲಿನಲ್ಲಿ ಎಲ್ಲರೂ ಅವನನ್ನು ಕರೆಯುವುದು ತರಲೆ ಅಂತ. ಕೆಲಸ ಎಲೆಕ್ಟ್ರಿಷಿಯನ್, ವಯಸ್ಸು ಇಪ್ಪತ್ತನಾಲ್ಕು. ಫೋರ್‌ಮನ್ನರ ಟೇಬಲ್ ಫ್ಯಾನಿನ ವೈರು ಅದಲುಬದಲು ಮಾಡಿ, ಅದು ಗಾಳಿಯನ್ನು ಹಿಂದಕ್ಕೆ ಎಳೆಯುವಂತೆ ಮಾಡಿದವನು ಇವನೇ. ಫೋರ್‌ಮನ್ ಎರಡು ದಿನ ಗೋಡೆಗೆ ಗಾಳಿ ಕೊಟ್ಟುಕೊಂಡು ಬೆವರಿದರು.

ತರಲೆಯ ಅಮ್ಮ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ. ಅಮ್ಮನ ಅಕ್ಕ, ಅಂದರೆ ದೊಡ್ಡಮ್ಮ, ಅವನನ್ನು ಎತ್ತಿಕೊಂಡು ಮಿಲ್ಲಿನ ಎರಡು ಕೋಣೆಯ ಕ್ವಾರ್ಟರ್ಸಿಗೆ ತಂದಳು. ಅವಳಿಗೆ ಮಕ್ಕಳಿರಲಿಲ್ಲ, ಮಕ್ಕಳನ್ನು ಬೆಳೆಸುವ ಅನುಭವವೂ ಇರಲಿಲ್ಲ. ಇದ್ದದ್ದು ಒಂದು ಕೈಚಕ್ರ ತಿರುಗಿಸುವ ಕೆಲಸ ಮತ್ತು ಸಿನಿಮಾ ಹುಚ್ಚು. ಎರಡನ್ನೂ ಹುಡುಗನಿಗೆ ಧಾರಾಳವಾಗಿ ಬಡಿಸಿದಳು.

ಆ ಕೈಚಕ್ರದ ವಿಷಯ ಹೇಳದಿದ್ದರೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಮಿಲ್ಲಿನಲ್ಲಿ ವೈಂಡರ್ ಅಂತ ಒಂದು ಯಂತ್ರ. ಒಂದು ತುದಿಯಲ್ಲಿ ಆಳೆತ್ತರದ ತಾಯಿ ರೋಲ್. ಅದರಿಂದ ಕಾಗದ ಬಿಚ್ಚಿಕೊಂಡು ಬಂದು, ಬ್ಲೇಡುಗಳಲ್ಲಿ ಸೀಳಿಕೊಂಡು, ಇನ್ನೊಂದು ತುದಿಯಲ್ಲಿ ಮರಿ ರೋಲುಗಳಾಗಿ ಸುತ್ತಿಕೊಳ್ಳುತ್ತದೆ. ಮರಿಗಳು ತುಂಬಿದಾಗಲೆಲ್ಲ ನಿಲ್ಲಿಸಬೇಕು, ಅವನ್ನು ಇಳಿಸಬೇಕು, ಮತ್ತೆ ಸೊನ್ನೆಯಿಂದ ಎಬ್ಬಿಸಬೇಕು. ಒಂದು ಪಾಳಿಗೆ ಇಪ್ಪತ್ತು ಸಲ. ಒಮ್ಮೆ ಓಟ ಹಿಡಿದ ಮೇಲೆ ಕಾಗದ ತಂಟೆ ಮಾಡುವುದಿಲ್ಲ. ಹರಿಯುವುದೆಲ್ಲ ಏಳುವಾಗಲೇ.

ದೊಡ್ಡಮ್ಮನ ಅಪ್ಪ, ಅಂದರೆ ತರಲೆಯ ತಾತ, ಇದೇ ವೈಂಡರಿನಲ್ಲಿ ದುಡಿದವನು. ಅವನ ಕಾಲದ ಮೋಟರಿಗೆ ಗೊತ್ತಿದ್ದದ್ದು ಎರಡೇ, ನಿಲ್ಲುವುದು ಮತ್ತು ಓಡುವುದು. ನಡೆಯುವುದು ಗೊತ್ತೇ ಇರಲಿಲ್ಲ. ಅದಕ್ಕೆ ನಡಿಗೆ ಕಲಿಸಲು ಎರಡು ಮರದ ರಾಟೆಗಳಿದ್ದವು. ಒಂದು ತುದಿ ದಪ್ಪ, ಒಂದು ತುದಿ ಸಣ್ಣ, ಒಂದಕ್ಕೊಂದು ತಲೆಕೆಳಗು. ನಡುವೆ ಚರ್ಮದ ಬೆಲ್ಟು. ತಾತ ಕೋಲಿನಿಂದ ಬೆಲ್ಟನ್ನು ಆ ಕಡೆ ತಳ್ಳಿದರೆ ಯಂತ್ರ ಜೋರು, ಈ ಕಡೆ ತಳ್ಳಿದರೆ ಮಂದ. ತಾತನ ಎಡಗೈಯ ಎರಡು ಬೆರಳು ಆ ಬೆಲ್ಟಿಗೇ ಹೋದವು. ಆಮೇಲೆ ಬಂದದ್ದು ಸೋಡಾ ನೀರಿನ ತೊಟ್ಟಿ. ಮೋಟರಿನ ಕರೆಂಟು ಆ ನೀರಿನ ಮೂಲಕ ಹಾಯಬೇಕು. ಕಬ್ಬಿಣದ ಹಲಗೆಗಳನ್ನು ನೀರಿಗೆ ಇಳಿಸಿದಷ್ಟೂ ವೇಗ, ಎತ್ತಿದಷ್ಟೂ ನಿಧಾನ. ಕರೆಂಟಿನಲ್ಲಿ ಅರ್ಧ ಕಾಗದ ಸುತ್ತುತ್ತಿತ್ತು, ಇನ್ನರ್ಧ ನೀರು ಕಾಯಿಸುತ್ತಿತ್ತು. ಪಾಳಿಯವರು ಊಟದ ಡಬ್ಬಿಗಳನ್ನು ತೊಟ್ಟಿಯ ಮುಚ್ಚಳದ ಮೇಲಿಟ್ಟು ಬಿಸಿ ಮಾಡಿಕೊಳ್ಳುತ್ತಿದ್ದರು. ಮಿಲ್ಲಿನವರು ತಂದ ಯಂತ್ರಗಳಲ್ಲಿ ಕೆಲಸಗಾರರಿಗೆ ನಿಜವಾಗಿ ಉಪಯೋಗ ಬಿದ್ದದ್ದು ಅದೊಂದೇ ಅಂತ ತಾತ ಹೇಳುತ್ತಿದ್ದನಂತೆ.

ಮೂರನೆಯದಾಗಿ ಬಂದದ್ದು ನಮ್ಮ ವಿಲನ್, ಮೂರು ಯಂತ್ರಗಳ ಸೆಟ್. ಮೊದಲನೆಯದು ಸಾಧಾರಣ ಮೋಟರ್, ಒಂದೇ ವೇಗದ್ದು. ಅದು ಪಕ್ಕದ ಜನರೇಟರನ್ನು ತಿರುಗಿಸುತ್ತದೆ. ಆ ಜನರೇಟರ್ ಎಷ್ಟು ಒತ್ತಡದ ಕರೆಂಟು ಕೊಡುತ್ತದೋ ಅಷ್ಟು ವೇಗದಲ್ಲಿ ಮೂರನೆಯದಾದ ಡಿ.ಸಿ. ಮೋಟರ್ ವೈಂಡರನ್ನು ಓಡಿಸುತ್ತದೆ. ನಡುವಿನದರ ಕಿವಿ ಹಿಂಡಲು ತಟ್ಟೆಯಷ್ಟಗಲದ ಒಂದು ಕೈಚಕ್ರ. ಅದನ್ನು ಮೆಲ್ಲಗೆ ತಿರುಗಿಸಿದರೆ ವೈಂಡರ್ ಆಮೆಯಿಂದ ಕುದುರೆಯವರೆಗೆ ಯಾವ ವೇಗ ಬೇಕಾದರೂ ಹಿಡಿಯುತ್ತದೆ. ಮೂರೂ ಒಟ್ಟಿಗೆ ಅರಚುವುದರಿಂದ ಪಾಳಿಯವರು ಇಟ್ಟ ಹೆಸರು ವಾರಗಿತ್ತಿಯರು. ಆ ವಾರಗಿತ್ತಿಯರ ನಡುವೆ, ಮೋಟರ್ ರೂಮಿನಲ್ಲಿ, ಕೈಚಕ್ರದ ಮುಂದೆ ದೊಡ್ಡಮ್ಮ ಇಪ್ಪತ್ತೆಂಟು ವರ್ಷ ಕೂತಿದ್ದಳು.

ಆ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಮೋಟರ್ ರೂಮಿಗೂ ವೈಂಡರಿಗೂ ನಡುವೆ ಒಂದು ಗಾಜಿನ ಕಿಟಕಿ. ಆ ಕಡೆ ವೈಂಡರ್ ನೋಡಿಕೊಳ್ಳುವ, ಎಲ್ಲರೂ ಮೀಸೆ ಅಂತ ಕರೆಯುವ ಆಸಾಮಿ, ಈ ಕಡೆ ದೊಡ್ಡಮ್ಮ. ಇಬ್ಬರದೂ ಸಿನಿಮಾ ಭಾಷೆ. ಮೀಸೆ ತನ್ನ ಮೀಸೆ ತಿರುವಿದರೆ ಕಾಗದ ಸಿದ್ಧ, ಎಬ್ಬಿಸು ಅಂತ. ಎದೆ ಹಿಡಿದುಕೊಂಡರೆ ನಿಧಾನ ಮಾಡು. ಅಂಗೈ ಹೊರಗೆ ಮಾಡಿ ಹಣೆಗಿಟ್ಟು, ಮೂರ್ಛೆ ಹೋಗುವ ನಾಯಕಿಯ ಹಾಗೆ ಹಿಂದಕ್ಕೆ ವಾಲಿದರೆ ಕಾಗದ ಹರಿಯಿತು ಅಂತ. ತೊಂಬತ್ತು ಕಿಲೋದ ಗಂಡಸು ಹಾಗೆ ವಾಲುವುದನ್ನು ನೋಡಲು ಬೇರೆ ವಿಭಾಗದವರು ನೆಪ ಹುಡುಕಿಕೊಂಡು ಬರುತ್ತಿದ್ದರು. ಅರ್ಥವಾಯಿತು ಅನ್ನುವುದಕ್ಕೆ ದೊಡ್ಡಮ್ಮ ತಲೆ ಮೇಲೆತ್ತಿ ವಿಲನ್ ಹಾಗೆ ಸದ್ದಿಲ್ಲದೆ ನಗುವಳು.

ವಾರವಾರವೂ ದೊಡ್ಡಮ್ಮ ಮತ್ತು ತರಲೆ ಒಟ್ಟಿಗೆ ಸಿನಿಮಾಕ್ಕೆ ಹೋಗುವರು. ಮನೆಗೆ ಬರುವ ದಾರಿಯಲ್ಲಿ ಅವಳು ವಿಲನ್, ಇವನು ಹೀರೋ, ಡೈಲಾಗೆಲ್ಲ ಇನ್ನೊಮ್ಮೆ. ಎರಡು ವರ್ಷದಿಂದ ಅವಳು ಸಿನಿಮಾ ನಡೆಯುವಾಗಲೇ ಇವನ ತೋಳು ಹಿಡಿದು ಕೇಳಲು ಶುರುಮಾಡಿದ್ದಳು.

"ಏನಂದ ಅವ್ನು?"

"'ನನ್ನ ದಾರಿಗೆ ಅಡ್ಡ ಬಂದ್ರೆ ದಾರೀನೇ ಇರಲ್ಲ' ಅಂದ."

"ಅಷ್ಟೇನಾ? ಬಾಯಿ ಅಷ್ಟು ಹೊತ್ತು ಆಡಿಸ್ದ?"

ಕಿವಿ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ಎಡಗಿವಿ ಮುಗಿದ ಕಥೆ. ಬಲಗಿವಿಯಲ್ಲಿ ಅರ್ಧ ಉಳಿದಿದೆ. ಇನ್ನೊಂದೆರಡು ವರ್ಷ ಆ ರೂಮಿನಲ್ಲಿ ಕೂತರೆ ಅದೂ ಹೋಗುತ್ತದೆ.

"ನಾನು ಹೋಗ್ದಿದ್ರೆ ಪೇಪರ್ ಏಳಲ್ಲ ಡಾಕ್ಟ್ರೇ," ಅಂದಳು ದೊಡ್ಡಮ್ಮ.

"ಕಿವಿಗೆ ಹತ್ತಿನಾದ್ರೂ ಇಟ್ಕೊಳ್ಳಮ್ಮ."

"ಹತ್ತಿ ಇಟ್ಕೊಂಡ್ರೆ ವಾರಗಿತ್ತಿಯರು ಏನಂತಾರೆ ಅಂತ ಕೇಳ್ಸಲ್ಲ."

ಡಾಕ್ಟರು ತರಲೆಯ ಮುಖ ನೋಡಿದರು. ತರಲೆ ಆ ದಿನ ಮೊದಲ ಬಾರಿಗೆ ತಮಾಷೆ ಮಾಡಲಿಲ್ಲ.

ಅವಳು ಹೇಳಿದ್ದು ಜಂಬವಲ್ಲ. ಅವಳು ರಜೆ ಹಾಕಿದಾಗಲೆಲ್ಲ ಆ ಚಕ್ರಕ್ಕೆ ನಾಲ್ಕು ಜನ ಕೈ ಹಾಕಿದ್ದರು, ನಾಲ್ವರೂ ಕಾಗದದ ರಾಶಿ ಹಾಕಿದ್ದರು. ಫೋರ್‌ಮನ್ ಮನೆ ಬಾಗಿಲಿಗೆ ಬಂದು "ಅಕ್ಕಾ, ಒಂದರ್ಧ ದಿನ ಬಂದುಹೋಗಿ" ಅನ್ನುವರು. ಅವಳು ಸೀರೆ ಬದಲಾಯಿಸುವಷ್ಟರಲ್ಲಿ ಖುಷಿಯಾಗಿರುವಳು.

ಆದ್ದರಿಂದಲೇ ತರಲೆ ಹಟ ಹಿಡಿದದ್ದು. ಪಕ್ಕದ ವಿಭಾಗಗಳಿಗೆ ಹೊಸ ಡ್ರೈವ್ ಬಂದು ವರ್ಷಗಳಾಗಿದ್ದವು. ಗೋಡೆಗೆ ಸಿಕ್ಕಿಸಿದ, ಟ್ರಂಕಿನಷ್ಟು ಪೆಟ್ಟಿಗೆ. ಕರೆಂಟು ಸೆಕೆಂಡಿಗೆ ಐವತ್ತು ಸಲ ಓಲಾಡುತ್ತದೆ, ಸಾಧಾರಣ ಮೋಟರ್ ಆ ಓಲಾಟದ ತಾಳಕ್ಕೇ ತಿರುಗುತ್ತದೆ. ಈ ಪೆಟ್ಟಿಗೆ ತಾಳವನ್ನೇ ಬದಲಾಯಿಸುತ್ತದೆ. ಸೊನ್ನೆಯಿಂದ ಒಂದು, ಎರಡು, ಮೂರು ಅಂತ ಏರಿಸುತ್ತ ಹೋದರೆ ಮೋಟರ್ ಬಾಲ ಹಿಡಿದುಕೊಂಡು ಹಿಂದೆಯೇ ಬರುತ್ತದೆ. ಸೆಟ್ ಬೇಡ, ಚಕ್ರ ಬೇಡ, ಕಿರುಚಾಟ ಬೇಡ. ಯಾವ ತಾಳಕ್ಕೆ ಎಷ್ಟು ಹೊತ್ತು ಅಂತ ಸಂಖ್ಯೆ ಹಾಕಿದರೆ ಮುಗಿಯಿತು. ತರಲೆ ಮೂರು ತಿಂಗಳು ಫೋರ್‌ಮನ್ನರ ಬೆನ್ನು ಬಿದ್ದ. ಕೊನೆಗೆ ಪೆಟ್ಟಿಗೆ ಬಂತು, ಹೊಸ ಮೋಟರೂ ಬಂತು.

"ನನ್ ಕುರ್ಚಿಗೆ ಡಬ್ಬ ತರಿಸಿದ್ಯಾ?" ಅಂದಳು ದೊಡ್ಡಮ್ಮ. ಎರಡು ದಿನ ಮಾತು ಬಿಟ್ಟಳು. ಊಟದ ಡಬ್ಬಿ ಮಾತ್ರ ತಪ್ಪದೆ ಬಾಗಿಲ ಬಳಿ ಇರುತ್ತಿತ್ತು, ಅದರಲ್ಲಿ ಅವನಿಗೆ ಸೇರದ ಪಲ್ಯವೇ ಎರಡೂ ದಿನ ಇತ್ತು.

ಫೋರ್‌ಮನ್ ಶರತ್ತು ಹಾಕಿದರು. "ನೋಡಪ್ಪ, ಒಂದು ಪಾಳಿ ಟೈಮ್ ಕೊಡ್ತೀನಿ. ಪಾಳಿ ಮುಗಿಯೋದ್ರೊಳಗೆ ಪೇಪರ್ ಹರೀದೆ ಎದ್ರೆ ಡ್ರೈವ್ ಇರ್ಲಿ. ಇಲ್ದಿದ್ರೆ ನಾಳೆಯಿಂದ ಮತ್ತೆ ಸೆಟ್ಟು. ಅಕ್ಕನ್ನ ಇನ್ನೆರಡು ವರ್ಷ ಮುಂದುವರಿಸೋಕೆ ಆಫೀಸು ಒಪ್ಪಿದೆ, ಅವರೂ ಒಪ್ಪಿದಾರೆ."

ಇನ್ನೆರಡು ವರ್ಷ. ಡಾಕ್ಟರು ಹೇಳಿದ ಲೆಕ್ಕವೂ ಅಷ್ಟೇ.

ತರಲೆ ದಡ್ಡನಲ್ಲ. ದೊಡ್ಡಮ್ಮನ ಕೈಯನ್ನೇ ಪೆಟ್ಟಿಗೆಯೊಳಗೆ ಇಳಿಸಬೇಕು ಅಂತ ಅವನಿಗೆ ಗೊತ್ತಿತ್ತು. ಪರೀಕ್ಷೆಗೆ ವಾರ ಮೊದಲೇ ಜನರೇಟರಿಗೆ ಗೆರೆ ಬರೆಯುವ ಮೀಟರ್ ಸಿಕ್ಕಿಸಿದ. ಅವಳು ಚಕ್ರ ತಿರುಗಿಸಿದಂತೆಲ್ಲ ಪೆನ್ನು ಕಾಗದದ ಮೇಲೆ ಗೆರೆ ಎಳೆಯಿತು. ಇಪ್ಪತ್ತು ಗೆರೆ ಸಿಕ್ಕವು. ನುಣ್ಣಗೆ ಏರುವ ಗೆರೆ, ಆದರೆ ಶುರುವಿನಲ್ಲೇ, ಚೂರು ಮೇಲೆದ್ದ ಮೇಲೆ, ಪ್ರತಿಯೊಂದರಲ್ಲೂ ಒಂದು ಸಣ್ಣ ಮೆಟ್ಟಿಲು. ಅಲ್ಲಿ ಕೈ ನಿಂತಿದೆ.

ಬೇರೆ ಯಾರೇ ಆಗಿದ್ದರೂ ಆ ಮೆಟ್ಟಿಲನ್ನು ಇದ್ದ ಹಾಗೇ ನಕಲು ಮಾಡುತ್ತಿದ್ದರು. ತರಲೆ ಅವಳ ಮನೆಯಲ್ಲಿ ಬೆಳೆದವನು. ಆರು ವರ್ಷದ ಹಿಂದೆ ಅವಳು ಬಚ್ಚಲಲ್ಲಿ ಜಾರಿ ಬಲ ಮಣಿಕಟ್ಟು ಮುರಿದುಕೊಂಡಿದ್ದಳು. ಬಟ್ಟೆ ಹಿಂಡುವಾಗ ಇವತ್ತಿಗೂ ಅದು ಒಂದು ಕಡೆ ಹಿಡಿದುಕೊಳ್ಳುತ್ತದೆ, ಅವಳು ಹಲ್ಲು ಕಚ್ಚಿ ಒಂದು ಕ್ಷಣ ನಿಲ್ಲುತ್ತಾಳೆ. ಆ ಮೆಟ್ಟಿಲು ಕಂಡ ಕೂಡಲೇ ತರಲೆಗೆ ಆ ಮಣಿಕಟ್ಟು ನೆನಪಾಯಿತು. ಇಪ್ಪತ್ತು ಸಲವೂ ನೋವು. ಇದನ್ನಾದರೂ ಅವಳ ಪಾಲಿಗೆ ಅಳಿಸಿಬಿಡೋಣ ಅಂತ ಮೆಟ್ಟಿಲನ್ನು ಒರೆಸಿ, ಗೆರೆಯನ್ನು ಕೆಳಗಿನಿಂದ ಮೇಲಿನವರೆಗೆ ಒಂದೇ ಸಮನೆ ಮಾಡಿ, ಆ ಸಂಖ್ಯೆಗಳನ್ನು ಡ್ರೈವಿಗೆ ತುಂಬಿದ.

ಪರೀಕ್ಷೆಯ ದಿನ ವಾರಗಿತ್ತಿಯರನ್ನು ನಿಲ್ಲಿಸಿದರು. ಮೀಸೆ ಮೀಸೆ ತಿರುವಿದ. ತರಲೆ ಬಟನ್ ಒತ್ತಿದ. ಹೊಸ ಮೋಟರ್ ಜೇನಿನ ಹಾಗೆ ಗುಂಯ್ ಅಂದಿತು, ಕಾಗದ ಅಲುಗಾಡಿತು, ಪಟ್. ಮೀಸೆ ಹಣೆಗೆ ಕೈಯಿಟ್ಟು ಹಿಂದಕ್ಕೆ ವಾಲಿದ.

"ಲೋ, ಪಕ್ಕದಲ್ಲೇ ನಿಂತಿದೀನಿ, ಬಾಯಲ್ಲಿ ಹೇಳು," ಅಂದ ತರಲೆ.

"ಅಭ್ಯಾಸ ಕಣೋ," ಅಂದ ಮೀಸೆ ನಾಚಿಕೊಂಡು.

ಏರುವ ಹೊತ್ತನ್ನು ಹದಿನಾಲ್ಕು ಸೆಕೆಂಡಿನಿಂದ ಇಪ್ಪತ್ತಕ್ಕೆ ಹೆಚ್ಚಿಸಿದ. ಪಟ್. ಮೂವತ್ತು ಮಾಡಿದ. ಪಟ್. ಮೂರೂ ಸಲ ಹರಿದದ್ದು ಒಂದೇ ಜಾಗದಲ್ಲಿ, ಸರಿಯಾಗಿ ಶುರುವಿನಲ್ಲಿ. ಫೋರ್‌ಮನ್ ಗಡಿಯಾರ ನೋಡಿಕೊಂಡರು. ಪಾಳಿ ಮುಗಿಯಲು ಒಂದು ಗಂಟೆ ಇತ್ತು.

ಇಲ್ಲಿಂದ ಮುಂದಕ್ಕೆ ಮಿಲ್ಲಿನ ಕ್ಯಾಂಟೀನಿನಲ್ಲಿ ಹೇಳುವ ಕಥೆ ಹೀಗಿದೆ: ತರಲೆ ಕಣ್ಣು ಮುಚ್ಚಿದ. ಇಪ್ಪತ್ತು ಗೆರೆಗಳು ಮನಸ್ಸಿನಲ್ಲಿ ಮಿಂಚಿ ಹೋದವು. ಆ ಮೆಟ್ಟಿಲು! ಕಣ್ಣು ಬಿಟ್ಟ, ಡ್ರೈವಿನಲ್ಲಿ ಎರಡು ಸೆಕೆಂಡಿನ ನಿಲುಗಡೆ ಹಾಕಿದ, ತೋರುಬೆರಳಿನಿಂದ ಬಟನ್ ಒತ್ತಿದ, ಕಾಗದ ಎದ್ದಿತು, ಎಲ್ಲರೂ ಚಪ್ಪಾಳೆ. ಹಿನ್ನೆಲೆಯಲ್ಲಿ ಸಂಗೀತ. ಶುಭಂ.

ನಾನೂ ಅಲ್ಲಿಗೇ ಪರದೆ ಎಳೆದು ನಿಮ್ಮನ್ನು ಮನೆಗೆ ಕಳಿಸಬಹುದಿತ್ತು. ಆದರೆ ಇಷ್ಟು ಹೊತ್ತು ನೀವು ಕೂತು ಕೇಳಿದ್ದೀರಿ, ನಿಮ್ಮ ಕಿವಿಯ ಮೇಲೆ ಹೂವಿಡಲು ಮನಸ್ಸು ಬರುತ್ತಿಲ್ಲ. ನಡೆದದ್ದು ಬೇರೆ.

ನಡೆದದ್ದು ಏನೆಂದರೆ, ಹೀರೋ ಸೋತ. ಗೆರೆಗಳ ಕಾಗದವನ್ನು ಸುರುಳಿ ಸುತ್ತಿಕೊಂಡು, ಬಾಲ ಮುದುರಿಕೊಂಡು ಮೋಟರ್ ರೂಮಿಗೆ ಹೋದ. ಉಪಾಯ ಕೇಳಲಿಕ್ಕಲ್ಲ. ನಾಳೆಯಿಂದ ನೀನೇ ಬಾ, ಖುಷಿಯಾಗಿರು ಅಂತ ಹೇಳಿ ಕೈ ತೊಳೆದುಕೊಳ್ಳಲಿಕ್ಕೆ. ಯಾಕೆಂದರೆ ಹಾಗೆ ಹೇಳುವುದು ಸುಲಭವಿತ್ತು.

ದೊಡ್ಡಮ್ಮ ನಿಂತುಹೋದ ಚಕ್ರದ ಮುಂದೆ ಕೂತಿದ್ದಳು. ಒಳಗೆ ಬಂದವನಿಗೆ ತುಟಿಗೆ ಬೆರಳಿಟ್ಟು ಸುಮ್ಮನಿರು ಅಂದಳು. ಬಲಗಿವಿಯನ್ನು ಗೋಡೆಯ ಕಡೆಗೆ ತಿರುಗಿಸಿದಳು.

"ಅದು ಟಿಕ್ ಟಿಕ್ ಅನ್ನುತ್ತೆ ಕಣೋ," ಅಂದಳು. ಗೋಡೆಯ ಗಡಿಯಾರದ ಮಾತು. "ಇಪ್ಪತ್ತೆಂಟು ವರ್ಷ ಇದ್ರ ಕೆಳಗೇ ಕೂತಿದೀನಿ. ಇದಕ್ಕೆ ಬಾಯಿದೆ ಅಂತ ಇವತ್ತು ಗೊತ್ತಾಯ್ತು."

ತರಲೆ ಅವಳ ಬಲಗಡೆಗೆ ಬಂದು ನೆಲದ ಮೇಲೆ ಕೂತ.

"ಹರೀತಾ?" ಅಂದಳು.

"ಮೂರು ಸಲ."

"ಒಳ್ಳೇದೇ ಆಯ್ತು ಬಿಡು," ಅಂದಳು. ಆದರೆ ಆ ದನಿಯಲ್ಲಿ ವಿಲನ್ ನಗು ಇರಲಿಲ್ಲ. "ಏನದು ಕೈಯಲ್ಲಿ, ಕೊಡಿಲ್ಲಿ."

ಅವನು ಸುರುಳಿ ಬಿಚ್ಚಿದ. ಒಂದು ಕಡೆ ಅವಳ ಗೆರೆ, ಪಕ್ಕದಲ್ಲಿ ಅವನು ತಿದ್ದಿದ ಗೆರೆ. ಅವಳು ತನ್ನ ಕೈಯನ್ನು ಹೀಗೆ ಯಾವತ್ತೂ ನೋಡಿರಲಿಲ್ಲ. ಉಗುರಿನಿಂದ ಗೆರೆ ಹಿಡಿದುಕೊಂಡು ಹೋದಳು. ಮೆಟ್ಟಿಲಿಗೆ ಬಂದು ನಿಂತಳು. ಪಕ್ಕದ ಗೆರೆಯಲ್ಲಿ ಅದನ್ನು ಹುಡುಕಿದಳು, ಸಿಗಲಿಲ್ಲ.

"ಇದೆಲ್ಲೋಯ್ತು?"

ತರಲೆ ನೆಲ ನೋಡಿದ. "ಅಳಿಸ್ದೆ. ನಿನ್ ಮಣಿಕಟ್ಟು ಹಿಡ್ಕೊಳ್ಳೋದು ಅನ್ಕೊಂಡೆ. ಅದ್ಯಾಕೆ ಆ ಡಬ್ಬಕ್ಕೂ ನೋವು ಅಂತ."

ದೊಡ್ಡಮ್ಮ ತನ್ನ ಬಲ ಮಣಿಕಟ್ಟನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು. ಗಡಿಯಾರ ತನ್ನ ಪಾಡಿಗೆ ಮಾತಾಡುತ್ತಿತ್ತು.

"ಹುಚ್ಚಪ್ಪ," ಅಂದಳು ಕೊನೆಗೆ. "ಮಣಿಕಟ್ಟು ಮುರಿಯೋಕೆ ಮುಂಚೇನೂ ಅಲ್ಲಿ ನಿಲ್ತಿದ್ದೆ. ಪೇಪರ್ ಜೋತುಬಿದ್ದಿರುತ್ತೆ ಕಣೋ, ರೋಲಿಗೂ ರೋಲಿಗೂ ಮಧ್ಯೆ. ಮೊದ್ಲು ಅದು ಬಿಗಿಯಾಗ್ಬೇಕು. ಆಮೇಲೆ ಎಳೀಬೇಕು. ನಿನ್ನ ಮೊದ್ಲ ದಿನ ಬಸ್ಸಲ್ಲಿ ಕರ್ಕೊಂಡ್ ಬಂದಾಗ ನೀನು ನಿದ್ದೆ ಮಾಡ್ಬಿಟ್ಟಿದ್ದೆ. ನಿದ್ದೆಗಣ್ಣಿನ ಮಗೂನ ಸೀದಾ ಎತ್ತಿದ್ರೆ ಕಿಟಾರಂತ ಕಿರ್ಚುತ್ತೆ. ಕೈ ಕೆಳಗೆ ಹಾಕಿ, ತಲೆ ಭುಜಕ್ಕೆ ಬರೋವರ್ಗೂ ಕಾದು, ಆಮೇಲೆ ಏಳ್ಬೇಕು. ಅಷ್ಟೇ ಇದು."

ಹೇಳಲು ಬಂದದ್ದನ್ನು ತರಲೆ ಈಗ ಹೇಳಿದ. "ನಾಳೆಯಿಂದ ನೀನೇ ಬಾ ದೊಡ್ಡಮ್ಮ. ಸೆಟ್ ಹಾಕ್ಸೋಕೆ ಹೇಳ್ಬಿಡ್ತೀನಿ."

ಆ ಡಬ್ಬಕ್ಕೆ ಮೆಟ್ಟಿಲಿನ ವಿಷಯ ಗೊತ್ತಾಗದಿದ್ದರೆ ಕುರ್ಚಿ ಅವಳದೇ. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಕೈಚಕ್ರವನ್ನು ಒಂದು ಸಲ ಖಾಲಿ ತಿರುಗಿಸಿದಳು. ಕಿರ್ ಅಂತ ಸಣ್ಣಗೆ ಸದ್ದು ಬಂತು. ಅದನ್ನೂ ಅವಳು ಮೊದಲ ಸಲ ಕೇಳುತ್ತಿದ್ದಳು.

"ಎಣ್ಣೆ ಕೇಳ್ತಿತ್ತು ಪಾಪ," ಅಂದಳು. "ಎಷ್ಟು ವರ್ಷದಿಂದ ಕೇಳ್ತಿತ್ತೋ." ಎದ್ದಳು. "ನಡಿ."

"ಎಲ್ಲಿಗೆ?"

"ನಿನ್ ಡಬ್ಬದ ಹತ್ರ. ಅಕ್ಷರ ಸಣ್ಣ ಇರುತ್ತೆ, ನೀನು ಓದಿ ಹೇಳು. ಜೋರಾಗಿ ಹೇಳು. ಪಿಸುಗುಟ್ಟಿದ್ರೆ ಒದೀತೀನಿ."

ಡ್ರೈವಿನ ಮುಂದೆ ಅವಳು ನಿಂತಳು, ಅವನು ಪಕ್ಕದಲ್ಲಿ ಪರದೆಯ ಮೇಲಿನ ಅಕ್ಷರ ಓದಿದ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು. ಮೊದಲು ಒಂದು ಸೆಕೆಂಡು ಹಾಕಿಸಿದಳು, ಅದೂ ಹರಿಯಿತು. ಹೌದು, ನಾಲ್ಕನೇ ಸಲವೂ ಹರಿಯಿತು, ಕ್ಯಾಂಟೀನಿನಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ಫೋರ್‌ಮನ್ ಬಾಯಿ ತೆರೆದರು. ದೊಡ್ಡಮ್ಮ ಅವರ ಕಡೆ ತನ್ನ ಎಡಗಿವಿ ತಿರುಗಿಸಿ, "ಎರಡು ಮಾಡು" ಅಂದಳು ತರಲೆಗೆ.

ಬಟನ್ ಒತ್ತಿದ ಬೆರಳು ಅವಳದು. ಬಲಗೈಯ ತೋರುಬೆರಳು. ಒತ್ತಿದ ಕೂಡಲೇ ಆ ಕೈ ಗಾಳಿಯಲ್ಲಿ, ಇಲ್ಲದ ಚಕ್ರವನ್ನು ಮೆಲ್ಲಗೆ ತಿರುಗಿಸತೊಡಗಿತು. ಅವಳಿಗೆ ಅದರ ಅರಿವಿರಲಿಲ್ಲ. ಕೈ ಚೂರು ತಿರುಗಿ ನಿಂತಿತು, ಮೋಟರಿನ ಗುಂಯ್ ಕೂಡ ಮುಂದಕ್ಕೆ ಏರದೆ ಅಲ್ಲೇ ನಿಂತಿತು. ಕಾಗದ ಒಮ್ಮೆ ಅಲುಗಿ, ಎಳೆದುಕೊಂಡು, ಹಲಗೆಯ ಹಾಗೆ ನೇರವಾಯಿತು. ಆಮೇಲೆ ಕೈಯೂ ಮೋಟರೂ ಒಟ್ಟಿಗೆ ಮೇಲೇರಿದವು.

ಅತ್ತ ತುದಿಯಲ್ಲಿ ಮೀಸೆ ಗಲಿಬಿಲಿಗೊಂಡು ನಿಂತಿದ್ದ. ಕಾಗದ ಹರಿಯದೆ ಎದ್ದರೆ ಮಾಡಬೇಕಾದ ಅಭಿನಯ ಅವರ ಭಾಷೆಯಲ್ಲಿ ಇರಲೇ ಇಲ್ಲ, ಅಷ್ಟು ವರ್ಷ ಅದರ ಅಗತ್ಯ ಬಿದ್ದಿರಲಿಲ್ಲ. ಕೊನೆಗೆ ಅವನು ಸುಮ್ಮನೆ, ಮನೆಯಲ್ಲಿ ಮಾತಾಡುವ ಹಾಗೆ ಅಂದ, "ಎದ್ದೈತೆ ಅಕ್ಕಾ."

"ಕೇಳಿಸ್ತು," ಅಂದಳು ದೊಡ್ಡಮ್ಮ.

ಆಗ ನಮ್ಮ ಹೀರೋ ಎಲ್ಲಿದ್ದ ಅಂತ ಕೇಳಿದರೆ, ಅದನ್ನೂ ಹೇಳಿಬಿಡುತ್ತೇನೆ. ಹರಿದ ಕಾಗದದ ರಾಶಿಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ. ಮೂಗು ಒರೆಸಿಕೊಳ್ಳಲು ಕೈಗೆ ಸಿಕ್ಕದ್ದು ಮಿಲ್ಲಿನ ಪ್ಯಾಕಿಂಗ್ ಕಾಗದ. ಬಹಳ ಒರಟು ಕಾಗದ ಅದು, ಮೂಗು ಎರಡು ದಿನ ಕೆಂಪಗಿತ್ತು. ಕೇಳಿದವರಿಗೆಲ್ಲ ನೆಗಡಿ ಅಂದ.